ಹರಕೆ, ವಿವೇಕ ಮತ್ತು ವಿಶ್ವಾಸ



ಈ ವಿಚಾರಗೋಷ್ಠಿಗಾಗಿ ಸಮಿತಿಯವರು ನಮಗೆ ಒಪ್ಪಿಸಿದ ವಿಷಯ 'ಜ್ಞಾನೋದಯ ಯುಗದ ತತ್ತ್ವಜ್ಞಾನದಲ್ಲಿ ನೀತಿ, ವಿವೇಕ ಮತ್ತು ದೈವಶ್ರದ್ಧೆ'. ಹೆಸರನ್ನು ಕೇಳಿದೊಡನೆಯೇ ಕೆಲವರು ಹಿಂದಿನ ಸಾಲಿಗೆ ಸರಿದುದನ್ನು ನಾವು ಕಂಡಿದ್ದೇವೆ. ಹದಿನೆಂಟನೆಯ ಶತಮಾನದ ಫ್ರಾನ್ಸ್, ಜರ್ಮನಿಗಳ ಪಂಡಿತರ ವಾದಕ್ಕೂ ಹಿರಣ್ಯಕೇಶಿಯ ದಂಡೆಯ ಕಬ್ಬಿನ ಹೊಲಗಳಿಗೂ ಎಲ್ಲಿಯ ಸಂಬಂಧ ಎಂದು ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಸಂಬಂಧವುಂಟು. ದೇವರ ಹೆಸರಿನಲ್ಲಿ ಬಂದ ಆಜ್ಞೆಯೊಂದು ಮನಸ್ಸಾಕ್ಷಿಗೆ ಅನ್ಯಾಯವಾಗಿ ತೋರಿದರೆ ಮನುಷ್ಯನು ಯಾವುದನ್ನು ಪಾಲಿಸತಕ್ಕದ್ದು? ಆ ಪಂಡಿತರ ಮುಖ್ಯ ಪ್ರಶ್ನೆ ಇದು. ನಮ್ಮ ಬೆಳಗಾವಿ ಜಿಲ್ಲೆ ಈ ಪ್ರಶ್ನೆಯನ್ನು ತನ್ನ ಹೆಣ್ಣುಮಕ್ಕಳ ಬಾಳಿನಲ್ಲಿಯೇ ಎದುರಿಸಿತು.

ಮುತ್ತು ಕಟ್ಟುವ ಪದ್ಧತಿಯನ್ನು ಕುರಿತು ನಾವು ಹೇಳುತ್ತಿದ್ದೇವೆಂದು ನೀವು ಊಹಿಸಿರಬಹುದು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರ ಗಾಡಿಗಳು ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ನಮ್ಮ ಹೆದ್ದಾರಿಯಲ್ಲಿಯೇ ಸಾಗುತ್ತವೆ. ಆ ಭಕ್ತಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ; ಆ ಅಧಿಕಾರವೂ ನಮಗಿಲ್ಲ. ನಾವು ಹೇಳುವುದು ಆ ಭಕ್ತಿಯ ನೆರಳಿನಲ್ಲಿ ಬೆಳೆದ ಒಂದು ಆಚಾರದ ವಿಷಯ. ಮನೆಯಲ್ಲಿ ಬೇನೆ ಬಂದರೆ, ಗಂಡು ಸಂತಾನವಾಗದಿದ್ದರೆ, ಹುಡುಗಿಯ ತಲೆಯಲ್ಲಿ ಜಡೆ ಗಂಟುಕಟ್ಟಿದರೆ, ದೇವಿ ಆಕೆಯನ್ನು ಕೇಳುತ್ತಿದ್ದಾಳೆ ಎನ್ನಲಾಗುತ್ತಿತ್ತು. ತಿಳಿವಳಿಕೆ ಬಾರದ ವಯಸ್ಸಿನಲ್ಲಿ ಆಕೆಯ ಕೊರಳಿಗೆ ಮುತ್ತು ಕಟ್ಟಿ ದೇವಿಗೆ ಬಿಡುತ್ತಿದ್ದರು. ಆ ಮೇಲೆ ಆಕೆಗೆ ಮದುವೆಯಿಲ್ಲ. ಋತುಮತಿಯಾದ ಬಳಿಕ ಊರಿನ ಅನುಕೂಲಸ್ಥನೊಬ್ಬನ ಪಾಲು. ಅವನು ಕೈಬಿಟ್ಟ ಮೇಲೆ ಹಲವರಿಗೆ ನಗರದ ಬೀದಿಯೇ ಗತಿ. ಹೀಗೆ ಬಿಡಲ್ಪಟ್ಟವರಲ್ಲಿ ಬಹುಮಂದಿ ದಲಿತರ ಮನೆಯ ಮಕ್ಕಳು. ರಾಜ್ಯ ಸರಕಾರವು 1993-94ರಲ್ಲಿಯೂ 2007-08ರಲ್ಲಿಯೂ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಗುರುತಿಸಲ್ಪಟ್ಟ ದೇವದಾಸಿಯರು ಒಟ್ಟು 46,660.

ಇನ್ನು ಪ್ಯಾರಿಸ್ ನಗರಕ್ಕೆ ಹೋಗೋಣ. ವಿಶ್ವಕೋಶದ ಸಂಪಾದಕನೆಂದು ಪ್ರಸಿದ್ಧನಾದ ಡೆನಿ ಡಿಡರೋ 1760ರಲ್ಲಿ 'ಕನ್ಯಾಸ್ತ್ರೀ' ಎಂಬ ಅರ್ಥದ ಹೆಸರುಳ್ಳ ಕಾದಂಬರಿಯೊಂದನ್ನು ಬರೆಯತೊಡಗಿದನು. ಅದು ಪುಸ್ತಕವಾಗಿ ಹೊರಬಂದದ್ದು ಅವನು ತೀರಿಕೊಂಡು ಹನ್ನೆರಡು ವರುಷಗಳ ಮೇಲೆ, 1796ರಲ್ಲಿ. ತಂದೆತಾಯಿಗಳ ಒತ್ತಾಯದಿಂದ ಕನ್ಯಾಮಠ ಸೇರಿದ ಹುಡುಗಿಯೊಬ್ಬಳು ತನ್ನ ವ್ರತ ತನ್ನದಲ್ಲವೆಂದು ನ್ಯಾಯಾಲಯಕ್ಕೆ ಮೊರೆಯಿಟ್ಟು ಸೋಲುವ ಕಥೆ ಅದು. ಅದರ ಹಿಂದೆ ನಿಜವಾದ ಮೊಕದ್ದಮೆಯೂ ಇತ್ತು: ಮಾರ್ಗರಿಟ್ ದೆಲಮಾರ್ ಎಂಬ ಸನ್ಯಾಸಿನಿಯ ಮನವಿಯನ್ನು 1758ರಲ್ಲಿ ಪ್ಯಾರಿಸಿನ ಉಚ್ಚ ನ್ಯಾಯಪೀಠ ತಳ್ಳಿಹಾಕಿ ಆಕೆಯನ್ನು ಮಠಕ್ಕೇ ಕಳಿಸಿತು. ಡಿಡರೋನ ಸ್ವಂತ ತಂಗಿಯೊಬ್ಬಳು ಕನ್ಯಾಮಠದಲ್ಲಿ ಬುದ್ಧಿಭ್ರಮಣೆಗೊಂಡು ಸತ್ತವಳು. ನಮ್ಮ ಹಿರಿಯರು ಈ ಪುಸ್ತಕವನ್ನು ಶ್ರೀಸಭೆಯ ವೈರಿಯ ಕೃತಿಯೆಂದು ಬದಿಗಿಟ್ಟರು. ಅದರಲ್ಲಿ ಉತ್ಪ್ರೇಕ್ಷೆ ಇದೆಯೆಂಬುದು ನಮ್ಮ ಅಭಿಪ್ರಾಯವೂ ಹೌದು. ಆದರೆ ಅದು ಕೇಳಿದ ಪ್ರಶ್ನೆ ಸರಿಯಾದುದು. ಕನ್ಯಾಮಠಕ್ಕೂ ಮುತ್ತಿಗೂ ಹೋಲಿಕೆಯೇ ಎಂದು ಯಾರಾದರೂ ನೊಂದುಕೊಂಡರೆ, ಎರಡು ಬಾಳುಗಳೂ ಒಂದೇ ಎಂದು ನಾವು ಹೇಳುತ್ತಿಲ್ಲ. ಒಬ್ಬರ ಹರಕೆಯನ್ನು ಇನ್ನೊಬ್ಬರ ದೇಹ ತೀರಿಸಬೇಕಾದ ಆ ಒಂದು ಅಂಶದಲ್ಲಿ ಮಾತ್ರ ಎರಡೂ ಕೂಡುತ್ತವೆ.

ಈ ಅಂಶವನ್ನು ಪವಿತ್ರ ಗ್ರಂಥವೂ ಬಲ್ಲದು. ನ್ಯಾಯಸ್ಥಾಪಕರು ಎಂಬ ಗ್ರಂಥದ 11ನೆಯ ಅಧ್ಯಾಯದಲ್ಲಿ ಯೆಫ್ತಾಹನು, ಯುದ್ಧದಲ್ಲಿ ಗೆದ್ದರೆ ತನ್ನನ್ನು ಎದುರುಗೊಳ್ಳಲು ಮನೆಯಿಂದ ಹೊರಬರುವುದನ್ನು ದೇವರಿಗೆ ಅರ್ಪಿಸುತ್ತೇನೆಂದು ಹರಕೆ ಹೊತ್ತನು. ಹೊರಬಂದವಳು ಅವನ ಒಬ್ಬಳೇ ಮಗಳು. ವಾಲ್ಟೇರನು ಈ ಕಥೆಯನ್ನು ಎತ್ತಿ ಧರ್ಮಗ್ರಂಥವನ್ನು ಅಣಕಿಸಿದನು. ಆದರೆ ಅವನಿಗಿಂತ ಐದು ಶತಮಾನಗಳ ಮೊದಲೇ ಸಂತ ತೋಮಸ್ ಅಕ್ವಿನಾಸರು, ಸಂತ ಜೆರೋಮರ ಮಾತನ್ನು ಆಧರಿಸಿ, ಹರಕೆ ಹೊರುವಾಗ ಯೆಫ್ತಾಹ ಅವಿವೇಕಿಯಾಗಿದ್ದನು, ತೀರಿಸುವಾಗ ಅಧರ್ಮಿಯಾದನು ಎಂದು ತೀರ್ಪುಕೊಟ್ಟಿದ್ದರು. ಕೆಟ್ಟದ್ದನ್ನು ಮಾಡುತ್ತೇನೆಂದು ದೇವರಿಗೆ ಕೊಟ್ಟ ಮಾತು ಮಾತೇ ಅಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆಯು ಹದಿನಾರು ತುಂಬದವರು ವ್ರತ ಸ್ವೀಕರಿಸಬಾರದು, ಹುಡುಗಿಯ ಸ್ವಂತ ಮನಸ್ಸನ್ನು ಧರ್ಮಾಧ್ಯಕ್ಷರು ವಿಚಾರಿಸಿ ತಿಳಿಯಬೇಕು, ಆಕೆಯನ್ನು ಬಲಾತ್ಕಾರದಿಂದ ಮಠಕ್ಕೆ ಸೇರಿಸುವವರು ಶಾಪಗ್ರಸ್ತರು ಎಂದು ವಿಧಿಸಿತು. ಇಷ್ಟಾದರೂ ಇನ್ನೂರು ವರುಷಗಳ ಮೇಲೆ ಡಿಡರೋನಿಗೆ ಬರೆಯಲು ಕಥೆ ಉಳಿದಿತ್ತೆಂಬುದನ್ನು ಗಮನಿಸಬೇಕು. ನಿಯಮ ಪುಸ್ತಕದಲ್ಲಿತ್ತು; ಬಾಗಿಲಲ್ಲಿ ನಿಂತು ಕೇಳುವವರು ಸಾಲದಾದರು.

ಜ್ಞಾನೋದಯದ ಪಂಡಿತರು ನೀತಿಯ ಬೇರು ಎಲ್ಲಿದೆ ಎಂಬುದರಲ್ಲಿ ಒಮ್ಮತದವರಲ್ಲ. ಪಿಯೆರ್ ಬೇಲನು 1682ರಲ್ಲಿಯೇ ನಾಸ್ತಿಕರ ಸಮಾಜವೂ ನೀತಿವಂತವಾಗಿರಬಲ್ಲದೆಂದನು. ಜಾನ್ ಲಾಕನು 1689ರಲ್ಲಿ, ದೇವರನ್ನು ನಂಬದವನ ಪ್ರಮಾಣವಚನಕ್ಕೆ ಬೆಲೆಯಿಲ್ಲವಾದ್ದರಿಂದ ಅವನಿಗೆ ಸಹಿಷ್ಣುತೆ ಸಲ್ಲದೆಂದನು. ಅವರ ಜಗಳ ಅಲ್ಲಿರಲಿ. ನಮಗೆ ಬೇಕಾದವನು ಇಮ್ಯಾನುಯೆಲ್ ಕಾಂಟ್. ಕ್ಯೋನಿಗ್ಸ್‌ಬರ್ಗ್ ಪಟ್ಟಣದಲ್ಲಿ 1724ರಲ್ಲಿ ಹುಟ್ಟಿದ ಇವನು ಕುದುರೆಯ ಸರಂಜಾಮು ಹೊಲಿಯುವ ಕಸುಬುದಾರನ ಮಗ. ತಾಯಿತಂದೆ ಕಟ್ಟಾ ದೈವಭಕ್ತರು. ಇವನ ಮುಖ್ಯ ಗ್ರಂಥವೊಂದು 1827ರಿಂದ, ಆ ಪಟ್ಟಿಯೇ ರದ್ದಾದ 1966ರವರೆಗೆ, ಶ್ರೀಸಭೆಯ ನಿಷೇಧಿತ ಪುಸ್ತಕಗಳ ಪಟ್ಟಿಯಲ್ಲಿತ್ತು. ಗುರುಮಠಗಳಲ್ಲಿ ಬಹುಕಾಲ ಕಾಂಟನ ಪರಿಚಯವಾಗುತ್ತಿದ್ದುದು ಅವನನ್ನು ಖಂಡಿಸುವ ಪಾಠಗಳ ಮೂಲಕವೇ. ಖಂಡನೆಯ ಮೂಲಕವಾದರೂ ಪರಿಚಯವಾಯಿತಲ್ಲ ಎಂಬುದೇ ನಮಗೆ ಸಮಾಧಾನ!

ಕಾಂಟನು 1785ರಲ್ಲಿ ಹೇಳಿದ ಒಂದು ಸೂತ್ರ ಸರಳವಾದುದು: ಯಾವ ಮನುಷ್ಯನನ್ನೂ ಕೇವಲ ಸಾಧನವನ್ನಾಗಿ ಬಳಸಕೂಡದು, ಪ್ರತಿಯೊಬ್ಬನೂ ತಾನೇ ಒಂದು ಗುರಿ. 1798ರ ಇನ್ನೊಂದು ಗ್ರಂಥದಲ್ಲಿ ಅವನು ಅಬ್ರಹಾಮನ ಪ್ರಸಂಗವನ್ನು ಎತ್ತುತ್ತಾನೆ. ಮಗನನ್ನು ಬಲಿಕೊಡು ಎಂಬ ಧ್ವನಿ ಕೇಳಿಬಂದಾಗ ಅಬ್ರಹಾಮನು, ಮಗನನ್ನು ಕೊಲ್ಲಬಾರದೆಂಬುದು ನನಗೆ ನಿಶ್ಚಯ, ಆದರೆ ಮಾತಾಡುತ್ತಿರುವ ನೀನು ದೇವರೆಂಬುದು ನಿಶ್ಚಯವಲ್ಲ ಎಂದು ಉತ್ತರಿಸಬೇಕಾಗಿತ್ತು ಎಂಬುದು ಅವನ ಅಭಿಪ್ರಾಯ. ಅಬ್ರಹಾಮನನ್ನು ವಿಶ್ವಾಸಿಗಳ ಪಿತನೆಂದು ಪ್ರತಿದಿನದ ಪೂಜೆಯಲ್ಲಿ ನೆನೆಯುವ ನಮಗೆ ಈ ಮಾತು ಚುಚ್ಚುತ್ತದೆ. ಅಬ್ರಹಾಮನ ವಿಷಯದಲ್ಲಿ ನಾವು ಕಾಂಟನನ್ನು ಒಪ್ಪುವುದಿಲ್ಲ. ಆ ಕಥೆ ಮುಗಿಯುವುದು ಎತ್ತಿದ ಕೈಯನ್ನು ದೇವರೇ ತಡೆಯುವಲ್ಲಿ. ಆದರೆ 'ದೇವರು ಕೇಳಿದ್ದಾನೆ, ಮಗುವನ್ನು ಕೊಡಿ' ಎಂದು ಇಂದು ಹೇಳಿಬರುವ ಯಾವನಿಗಾದರೂ ಕಾಂಟನ ಉತ್ತರವನ್ನೇ ಕೊಡತಕ್ಕದ್ದೆಂದು ನಾವು ಒಪ್ಪುತ್ತೇವೆ. ದೇವರು ನ್ಯಾಯವಂತನೆಂಬುದೂ ನಮ್ಮ ವಿಶ್ವಾಸವೇ. ಅನ್ಯಾಯದ ಆಜ್ಞೆಯನ್ನು ಅವನ ಬಾಯಲ್ಲಿಡುವವನು ಆ ವಿಶ್ವಾಸಕ್ಕೇ ದ್ರೋಹ ಬಗೆಯುತ್ತಾನೆ.

ಇಲ್ಲಿ ಒಂದು ಸುಲಭವಾದ ತಪ್ಪಿಗೆ ಅವಕಾಶವಿದೆ. ಮುತ್ತು ಕಟ್ಟಿದ್ದು ಮೂಢನಂಬಿಕೆ, ಅದನ್ನು ಬಿಡಿಸಿದ್ದು ವಿವೇಕ ಎಂದು ವಿಚಾರವಾದಿಗಳು ಹೇಳುವುದುಂಟು. ಅರ್ಧ ಸತ್ಯ. ಜಡೆ ದೇವಿಯ ಕರೆಯಲ್ಲ, ಎಣ್ಣೆ ನೀರು ಬಾಚಣಿಗೆ ಕಾಣದ ಕೂದಲಿನ ಗಂಟು ಎಂದು ತೋರಿಸಿ ಕತ್ತರಿಸಿದ್ದು ವಿವೇಕವೇ. ಆದರೆ ಮುತ್ತು ಕಟ್ಟಿದ ಕೈಯ ಹಿಂದೆಯೂ ಒಂದು ಬಗೆಯ ಬುದ್ಧಿ ಕೆಲಸ ಮಾಡುತ್ತಿತ್ತು. ಗಂಡುಮಗನಿಲ್ಲದ ಬಡವನಿಗೆ ದೇವಿಗೆ ಬಿಟ್ಟ ಮಗಳು ಗಂಡನ ಮನೆಗೆ ಹೋಗದೆ ತವರಿನಲ್ಲಿಯೇ ಉಳಿದು, ಮಗನಂತೆ ದುಡಿದು ಹಾಕುವವಳು. ಮದುವೆಯ ಖರ್ಚಿಲ್ಲ. ಅನುಕೂಲಸ್ಥನಿಗೂ ಹೊಣೆಯಿಲ್ಲದ ಸುಖ. ಇದು ಪಕ್ಕಾ ಲೆಕ್ಕಾಚಾರ. ಫ್ರಾನ್ಸಿನ ಗೃಹಸ್ಥನೂ ಇದೇ ಲೆಕ್ಕ ಹಾಕಿದನು: ಮಗಳ ಮದುವೆಗೆ ಕೊಡುವ ವರದಕ್ಷಿಣೆಗಿಂತ ಕನ್ಯಾಮಠಕ್ಕೆ ಕೊಡುವ ಕಾಣಿಕೆ ಅಗ್ಗ. ಲೆಕ್ಕವನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಆದುದರಿಂದ ಅದಕ್ಕೆ ಹರಕೆಯ ಉಡುಪು ತೊಡಿಸಿದರು. ಕಾಂಟನು ಲಾಭ ನೋಡುವ ಜಾಣತನವನ್ನೂ ನೀತಿಯನ್ನು ಕಾಣುವ ವಿವೇಕವನ್ನೂ ಬೇರ್ಪಡಿಸಿದ್ದು ಇಲ್ಲಿ ನಮಗೆ ನೆರವಾಗುತ್ತದೆ. ದೇವಿಯ ಭಯವನ್ನು ಮಾತ್ರ ತೆಗೆದು ಲೆಕ್ಕವನ್ನು ಹಾಗೆಯೇ ಉಳಿಸಿದರೆ ಹುಡುಗಿ ಬದುಕುವುದಿಲ್ಲ, ಮುತ್ತಿಲ್ಲದೆಯೇ ಮಾರಾಟವಾಗುತ್ತಾಳೆ.

ಕಾಯಿದೆಗಳು ಬಂದವು. ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1934ರಲ್ಲಿಯೇ ಒಂದು ಕಾಯಿದೆ ದೇವದಾಸಿಯನ್ನಾಗಿ ಬಿಡುವುದನ್ನು ನಿಷೇಧಿಸಿತ್ತು. ಟ್ರೆಂಟಿನ ನಿಯಮದಂತೆ ಅದೂ ಬಹುಮಟ್ಟಿಗೆ ಪುಸ್ತಕದಲ್ಲಿಯೇ ಉಳಿಯಿತು. 1982ರ ಕರ್ನಾಟಕ ಕಾಯಿದೆ ಮುತ್ತು ಕಟ್ಟಿದವರಿಗೆ ಮೂರು ವರುಷದವರೆಗೆ ಸೆರೆ ವಿಧಿಸಿತು. ಕಟ್ಟಿಸಿದವರು ತಂದೆತಾಯಿ ಅಥವಾ ಬಂಧುಗಳಾದರೆ ಶಿಕ್ಷೆ ಹೆಚ್ಚು: ಎರಡರಿಂದ ಐದು ವರುಷ. ಹರಕೆಯು ಎಲ್ಲಿ ಹುಟ್ಟುತ್ತದೆಂಬುದನ್ನು ಆ ಕಾಯಿದೆ ಬರೆದವರು ಚೆನ್ನಾಗಿ ಬಲ್ಲವರಾಗಿದ್ದರು.

ಆದರೆ ಶಿಕ್ಷೆಗಿಂತ ಹೆಚ್ಚಿನದನ್ನು ಮಾಡಿದವರು ನಮ್ಮ ನೆರೆಯವರೇ. 1990ರ ದಶಕದಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವೂ ಮೈರಾಡ ಸಂಸ್ಥೆಯೂ ಈ ಜಿಲ್ಲೆಯಲ್ಲಿ ನಡೆಸಿದ ಕಾರ್ಯದಿಂದ, 1997ರಲ್ಲಿ ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಎಂಬುದು ಹುಟ್ಟಿತು. ಜನ ಅದನ್ನು 'ಮಾಸ್' ಎಂದು ಕರೆಯುತ್ತಾರೆ. ಅದರ ಸದಸ್ಯೆಯರು ಮಾಜಿ ದೇವದಾಸಿಯರು. ಅವರ ಸಂಖ್ಯೆ ಮೂರು ಸಾವಿರವನ್ನು ಮೀರಿತು. ಅವರು ಸ್ವಸಹಾಯ ಸಂಘಗಳನ್ನು ಕಟ್ಟಿದರು, ಉಳಿತಾಯ ಮಾಡಿದರು, ಮಕ್ಕಳನ್ನು ಶಾಲೆಗೆ ಕಳಿಸಿದರು, ಎಲ್ಲಿಯಾದರೂ ಮುತ್ತು ಕಟ್ಟುವ ಸುಳಿವು ಸಿಕ್ಕಿದರೆ ಹೋಗಿ ತಡೆದರು. ಡೇವಿಡ್ ಹ್ಯೂಮನು ನೀತಿ ಹುಟ್ಟುವುದು ತರ್ಕದಿಂದಲ್ಲ, ಪರರ ನೋವಿಗೆ ಮಿಡಿಯುವ ಹೃದಯದಿಂದ ಎಂದು ವಾದಿಸಿದನು. ನೀತಿಯ ಆಧಾರದ ಪ್ರಶ್ನೆಯಲ್ಲಿ ನಾವು ಕಾಂಟನ ಕಡೆಯವರು. ಆದರೂ ತಾನು ಅನುಭವಿಸಿದ್ದು ಮುಂದಿನ ಹುಡುಗಿಗೆ ಬೇಡವೆಂದು ಹೊರಟ ಈ ತಾಯಂದಿರನ್ನು ನೋಡಿದಾಗ ಹ್ಯೂಮನಿಗೂ ಒಂದು ಪೀಠ ಹಾಕಬೇಕೆನಿಸುತ್ತದೆ. ಮತ್ತೊಂದು ವಿಷಯ: ಯಲ್ಲಮ್ಮನ ಜಾತ್ರೆಗೆ ಇಂದಿಗೂ ಲಕ್ಷಾಂತರ ಜನ ಸೇರುತ್ತಾರೆ. ಮುತ್ತು ನಿಷೇಧವಾದುದರಿಂದ ಭಕ್ತಿ ಬಡವಾಗಲಿಲ್ಲ. ಆಚಾರ ಹೋದರೆ ಧರ್ಮವೇ ಹೋಗುತ್ತದೆ ಎಂದು ಹೆದರಿಸುವವರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಅವರು ಒಮ್ಮೆ ಆ ಗುಡ್ಡದ ಜನಸಾಗರವನ್ನು ನೋಡಿಬರಬೇಕು.

ಈಗ ನಮ್ಮ ಮನೆಯ ಮಾತು. ಮಗು ಬದುಕಿದರೆ ಗುರುಮಠಕ್ಕೆ ಕೊಡುತ್ತೇನೆ, ಮಗಳನ್ನು ಕನ್ಯಾಮಠಕ್ಕೆ ಒಪ್ಪಿಸುತ್ತೇನೆ ಎಂದು ವೇಳಾಂಗಣಿ ಮಾತೆಗೆ ಹರಕೆ ಹೊತ್ತ ತಾಯಂದಿರು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಅವರ ಕಣ್ಣೀರು ನಿಜವಾದುದು, ಹರಕೆಯೂ ಒಳ್ಳೆಯ ಮನಸ್ಸಿನದು. ಆದರೆ 1983ರ ಧರ್ಮಸಂಹಿತೆಯ 1193ನೆಯ ವಿಧಿಯ ಪ್ರಕಾರ ಹರಕೆಯು ಹೊತ್ತವರನ್ನು ಮಾತ್ರ ಬಂಧಿಸುತ್ತದೆ. ಅನ್ಯಾಯವಾದ ತೀವ್ರ ಭಯಕ್ಕೆ ಒಳಗಾಗಿ ಹೊತ್ತದ್ದಾದರೆ ಅದು ಅಸಿಂಧು. ಹದಿನೆಂಟು ತುಂಬದೆ ಯಾರೂ ಸನ್ಯಾಸ ವ್ರತ ಸ್ವೀಕರಿಸುವಂತಿಲ್ಲ. ಮಗ ತಾನಾಗಿ ಬಾಯಿಬಿಟ್ಟು ಕೇಳಿದರೆ ಕರೆದುಕೊಂಡು ಬನ್ನಿ, ಸಂತೋಷದಿಂದ ಮಾತನಾಡೋಣ. ಅವನು ಬೇಡವೆಂದರೆ ತಾಯಿಗೆ ದೋಷವಿಲ್ಲ. ಇಂಥ ಖಾಸಗಿ ಹರಕೆಯಿಂದ ತಮ್ಮ ಜನರನ್ನು ಬಿಡುಗಡೆ ಮಾಡುವ ಅಧಿಕಾರವನ್ನು 1196ನೆಯ ವಿಧಿಯು ಧರ್ಮಕೇಂದ್ರದ ಗುರುವಿಗೂ ಕೊಟ್ಟಿದೆ. ಹರಕೆಯ ಭಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಕುಳಿತ ತಾಯಂದಿರು ಯಾರಾದರೂ ಇಲ್ಲಿದ್ದರೆ, ಭಾನುವಾರದ ಬಲಿಪೂಜೆಯ ನಂತರ ನಮ್ಮನ್ನು ಕಾಣಬಹುದು.