ಕೆರೆದಷ್ಟೂ ಹೆಚ್ಚುವ ತುರಿಕೆ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ. ಮೆಟ್ರಿಕ್‌ವರೆಗೆ ಓದಿ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತ. ವಾರಕ್ಕೆರಡು ಸಂಜೆ ಇಲ್ಲಿ ಪುಸ್ತಕ ಕೊಡುವ ಕೆಲಸ ಮಾಡುವುದರಿಂದ ನಾಲ್ಕು ಪುಟ ಓದುವ ಅವಕಾಶ ದೊರೆತಿದೆ. ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಒಂದು ಕಾರಣ ಉಂಟು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಖೋಲಿಯಲ್ಲಿ ಆರು ಜನ ಇದ್ದೆವು. ಅವರಲ್ಲೊಬ್ಬನು ಬಣ್ಣದ ಖಾತೆಯವನು. ಅವನ ಎರಡು ಕೈಗೂ ಇಸಬು ಆಗಿತ್ತು. ರಾತ್ರಿಯೆಲ್ಲ ಪರಪರನೆ ಕೆರೆದುಕೊಳ್ಳುವನು. ಪಾಳಿ ಮುಗಿಸಿ ಬಂದ ನಮಗೆ ನಿದ್ದೆ ಇಲ್ಲ. "ಮನಸ್ಸು ಗಟ್ಟಿ ಮಾಡಿಕೊಳ್ಳೋ ಮಾರಾಯ, ಕೆರೆಯಬೇಡ" ಎಂದು ನಾನೇ ಗದರಿಸಿದೆ. ಅವನ ತಟ್ಟೆ, ತಂಬಿಗೆಗಳನ್ನು ಬೇರೆ ಇಡಿಸಿದೆವು. ಒಂದು ದಿನ ಅವನು ಟ್ರಂಕು ಎತ್ತಿಕೊಂಡು ಹೊರಟೇ ಹೋದ. ಇಸಬು ಅಂಟುವ ರೋಗವಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

ಈಗ ಒಂದು ಚಿಕ್ಕ ಪ್ರಯೋಗ. ಮೊಳಕೈಯ ಕೆಳಗೆ, ಒಳಮಗ್ಗುಲಿಗೆ, ಫುಟ್‌ಪಟ್ಟಿಯ ಮೂಲೆಯಿಂದ ಚರ್ಮ ಹರಿಯದಂತೆ ತುಸು ಬಿಗಿಯಾಗಿ ಒಂದು ಗೆರೆ ಎಳೆಯಿರಿ. ಮೊದಲು ಗೆರೆ ಕೆಂಪಾಗುವುದು. ಸ್ವಲ್ಪ ಹೊತ್ತಿಗೆ ಪಟ್ಟಿ ಮುಟ್ಟದಿದ್ದ ಆಚೀಚೆಯ ಚರ್ಮಕ್ಕೂ ಕೆಂಪು ಹರಡುವುದು. ಕೆಲವರಿಗೆ ಗೆರೆ ಉಬ್ಬುವುದೂ ಉಂಟು. ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಅವರು 1927ರಲ್ಲಿ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದರು. ಗೆರೆ ಕೆಂಪಾಗಲು ನರ ಬೇಡ. ಆಚೀಚೆ ಹರಡಲು ನರ ಬೇಕೇ ಬೇಕು. ನರ ಸತ್ತ ಜಾಗದಲ್ಲಿ ಅದು ಹರಡದು.

ನರವೆಂದರೆ ಮೆದುಳಿಗೆ ಸುದ್ದಿ ಒಯ್ಯುವ ತಂತಿ ಎಂದು ಶಾಲೆಯಲ್ಲಿ ಕಲಿತೆವು. ಅದು ಅರ್ಧ ಮಾತು. ಚರ್ಮದಲ್ಲಿ ನರದ ತುದಿ ಮರದ ಬೇರಿನಂತೆ ಕವಲೊಡೆದಿದೆ. ಒಂದು ಕವಲಿಗೆ ತಾಗಿದ ಪೆಟ್ಟಿನ ಸುದ್ದಿ ಮೆದುಳಿನ ಕಡೆಗೆ ಹೋಗುವಾಗಲೇ ಪಕ್ಕದ ಕವಲುಗಳಿಗೂ ಇಳಿಯುತ್ತದೆ. ಆ ತುದಿಗಳು ಅಲ್ಲಿಯೇ ಕೆಲವು ರಸಗಳನ್ನು ಸುರಿಸುತ್ತವೆ. ಅವುಗಳಲ್ಲೊಂದು 1931ರಲ್ಲಿ ಫಾನ್ ಆಯ್ಲರ್ ಮತ್ತು ಗ್ಯಾಡಮ್ ಎಂಬವರು ಕಂಡುಹಿಡಿದ 'ಸಬ್‌ಸ್ಟೆನ್ಸ್ ಪಿ'. ಇಂಥ ರಸಗಳಿಂದ ರಕ್ತನಾಳಗಳು ಅಗಲವಾಗುತ್ತವೆ, ನೀರು ಸೋರಿ ಚರ್ಮ ಊದುತ್ತದೆ. ಖಾರದ ಮೆಣಸಿನಕಾಯಿ ಹೆಚ್ಚಿದ ಕೈ ಗಾಯವಿಲ್ಲದಿದ್ದರೂ ಉರಿದು ಕೆಂಪಾಗುವುದು ಇದೇ ದಾರಿಯಿಂದ. ಖಾರವನ್ನೂ ಬಿಸಿಯನ್ನೂ ಗುರುತಿಸುವ ನರದ ಬಾಗಿಲನ್ನು 1997ರಲ್ಲಿ ತೋರಿಸಿಕೊಟ್ಟ ಅಮೆರಿಕದ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪಾರಿತೋಷಕವನ್ನು ಇನ್ನೊಬ್ಬರೊಡನೆ ಹಂಚಿಕೊಂಡರು.

ಇನ್ನು ಮೈಯ ಕಾವಲಿನ ಕಣಗಳ ಮಾತು. ನರದ ತುದಿಗಳ ಮಗ್ಗುಲಲ್ಲೇ 'ಮಾಸ್ಟ್' ಎಂಬ ಕಣಗಳಿವೆ. ಅವುಗಳ ಒಡಲಲ್ಲಿ ಹಿಸ್ಟಮಿನ್ ಮೊದಲಾದ ರಸಗಳನ್ನು ತುಂಬಿದ ಸಣ್ಣ ಚೀಲಗಳು. ಸಬ್‌ಸ್ಟೆನ್ಸ್ ಪಿ ತಾಗಿದರೆ ಆ ಚೀಲಗಳು ಬಿಚ್ಚುತ್ತವೆ. ಹಿಸ್ಟಮಿನ್ ಮರಳಿ ನರವನ್ನೇ ಕೆಣಕುತ್ತದೆ. ಇಸಬಿನಲ್ಲಿ ಬಿಳಿಯ ರಕ್ತಕಣಗಳೂ ಬಂದು ಸೇರಿ 'ಐ.ಎಲ್. 4', 'ಐ.ಎಲ್. 31' ಎಂಬ ಬೇರೆ ರಸಗಳನ್ನು ಬಿಡುತ್ತವೆ. ಅವುಗಳ ಕರೆಯೂ ನೇರವಾಗಿ ನರಕ್ಕೆ ಕೇಳಿಸುತ್ತದೆ. ಆದುದರಿಂದಲೇ ಹಿಸ್ಟಮಿನ್ ತಡೆಯುವ ಗುಳಿಗೆಯೊಂದರಿಂದ ಇಸಬಿನ ತುರಿಕೆ ಪೂರ್ತಿ ತಗ್ಗುವುದಿಲ್ಲ.

ಕೆರೆದರೆ ಏನಾಗುತ್ತದೆ? ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದವರು ಇಲಿಗಳ ಮೇಲೆ ಮಾಡಿದ ಪ್ರಯೋಗ 2025ರಲ್ಲಿ ಪ್ರಕಟವಾಯಿತು. ಚರ್ಮ ಕೆರಳಿಸುವ ಪದಾರ್ಥ ಹಚ್ಚಿ ಕೆಲವು ಇಲಿಗಳನ್ನು ಕೆರೆಯಲು ಬಿಟ್ಟರು. ಕೆಲವಕ್ಕೆ ಕಾಲು ಮುಟ್ಟದಂತೆ ಕೊರಳಿಗೆ ಲಾಳಿಕೆಯಂಥದನ್ನು ತೊಡಿಸಿದರು. ಕೆರೆದವುಗಳ ಚರ್ಮ ಬಹಳ ಊದಿತು, ಉಳಿದವುಗಳದು ಕಡಿಮೆ. ಕೆರೆತದಿಂದ ನೋವಿನ ನರ ಕೆರಳಿ, ಸಬ್‌ಸ್ಟೆನ್ಸ್ ಪಿ ಸುರಿದು, ಮಾಸ್ಟ್ ಕಣಗಳನ್ನು ಇನ್ನಷ್ಟು ಎಬ್ಬಿಸುತ್ತದೆ. ಚರ್ಮದ ಮೇಲಿನ ಒಂದು ಜಾತಿಯ ಕ್ರಿಮಿಗಳು ಕೆರೆತದಿಂದ ಕಡಿಮೆಯಾದದ್ದೂ ಅಲ್ಲಿ ಕಂಡಿತು. ಆದರೆ ತಿಂಗಳುಗಟ್ಟಲೆ ಕೆರೆಯುವವನಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು. ತುರಿಕೆ, ಕೆರೆತ, ಊತ, ಮತ್ತೆ ತುರಿಕೆ: ಇದು ಗಾಣದ ಎತ್ತಿನ ಸುತ್ತು. ನಮ್ಮ ಗೆಳೆಯನ ಮನಸ್ಸು ಸಡಿಲವಾಗಿರಲಿಲ್ಲ. ಅವನ ಚರ್ಮವೇ ಅವನನ್ನು ಸುತ್ತಿಸುತ್ತಿತ್ತು.

ಹಾಗಾದರೆ ನಾವು ಮಾಡತಕ್ಕದ್ದೇನು? ಉಗುರು ಗಿಡ್ಡವಾಗಿರಲಿ. ತುರಿಕೆ ಎದ್ದಾಗ ತಣ್ಣೀರಿನ ಬಟ್ಟೆ ಒತ್ತಿಡಿ. ಸ್ನಾನವಾದ ಕೂಡಲೆ ವ್ಯಾಸಲಿನ್ ಸವರಿ. ಬಣ್ಣ, ಸೋಡಾ ಮುಟ್ಟುವವರು ಕೈಚೀಲ ಕೇಳಿ ಪಡೆಯಿರಿ. ಗಜಕರ್ಣ, ಹುರುಕುಗಳು ಅಂಟುತ್ತವೆ, ಇಸಬು ಅಂಟದು. ಯಾವುದು ಯಾವುದೆಂದು ವೈದ್ಯರೇ ಹೇಳಬೇಕು. ಅಂಗಡಿಯವನು ಕೊಟ್ಟ ಮುಲಾಮನ್ನು ಹಚ್ಚಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕಾವಲಿನ ಕಣಗಳು ತೂಕಡಿಸಿ ಕೆಂಪು ಇಳಿಯುತ್ತದೆ. ಗಜಕರ್ಣವಾಗಿದ್ದರೆ ಅದು ಒಳಗಿಂದೊಳಗೇ ಹಬ್ಬುತ್ತದೆ.

ಇನ್ನೊಂದು ಮಾತನ್ನು ಮರೆಯಬಾರದು. ತುರಿಕೆಯಿಲ್ಲದ, ಮುಟ್ಟಿದರೆ ತಿಳಿಯದ ಮಚ್ಚೆ ಮೈಮೇಲೆ ಕಂಡರೆ ಅದು ಕುಷ್ಠವಿರಬಹುದು. ಅಲ್ಲಿ ನರವೇ ಕೆಡುತ್ತಿರುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧ ಪುಕ್ಕಟೆ. ಬೇಗ ಹೋದರೆ ಕೈಕಾಲು ಉಳಿಯುತ್ತವೆ. ನಾಚಿ ಮುಚ್ಚಿಡಬೇಡಿ.

ಆ ಗೆಳೆಯನು ಈಗ ಯಾವ ಊರಿನಲ್ಲಿರುವನೋ ತಿಳಿಯದು. ಸಿಕ್ಕರೆ ಅವನ ಎದುರಿಗೇ ತಪ್ಪೊಪ್ಪಿಕೊಳ್ಳುವೆನು. ಅಲ್ಲಿಯವರೆಗೆ ತಮ್ಮಲ್ಲಿ ಒಂದೇ ಅರಿಕೆ: ತಮ್ಮ ಖೋಲಿಯಲ್ಲಿ ರಾತ್ರಿ ಕೆರೆದುಕೊಳ್ಳುವವನೊಬ್ಬನಿದ್ದರೆ ಗದರಿಸಬೇಡಿ, ರಜೆಯ ದಿನ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.