ಸ್ಪ್ರಿಂಗ್ ಬ್ರೇಕ್ ಕ್ರೂಸ್: ಮಕ್ಕಳಿಗೂ ಹಿಡಿಸಬೇಕು, ಅಪ್ಪ-ಅಮ್ಮನಿಗೂ

ಇವತ್ತಿನ ಮಾತು ಅಮೆರಿಕದಲ್ಲಿರೋ ಕನ್ನಡದ ಮನೆಗಳಿಗೆ, ಅದರಲ್ಲೂ ಮನೇಲಿ ಫೋನ್ ಹಿಡಿದು ಟ್ರಿಪ್ ಹುಡುಕೋ ಕೆಲಸ ಯಾರ ತಲೆಗೆ ಬಿದ್ದಿದೆಯೋ ಅವರಿಗೆ. ಸಾಮಾನ್ಯವಾಗಿ ಅದು ನೀವೇ ಆಗಿರ್ತೀರಿ!

ಮಾರ್ಚ್-ಏಪ್ರಿಲ್‌ನಲ್ಲಿ ಸ್ಪ್ರಿಂಗ್ ಬ್ರೇಕ್ ರಜೆ ಬರುತ್ತೆ. ಮಯಾಮಿ, ಪೋರ್ಟ್ ಕೆನಾವೆರಲ್, ಗ್ಯಾಲ್ವೆಸ್ಟನ್ ಬಂದರುಗಳಿಂದ ಹಡಗುಗಳು ಸಾಲಾಗಿ ಹೊರಡುತ್ತವೆ. ಅಪ್ಪನಿಗೆ ಸಮುದ್ರ ನೋಡ್ಕೊಂಡು ಸುಮ್ನೆ ಕೂತಿರಬೇಕು. ಅಮ್ಮನಿಗೆ ಒಂದು ವಾರ ಅಡುಗೆಮನೆಯಿಂದ ಬಿಡುಗಡೆ ಬೇಕು. ಹದಿನೈದರ ತಮ್ಮನಿಗೆ ಇವರಿಬ್ಬರ ಕಣ್ಣಳತೆಯಿಂದ ದೂರ ಇರಬೇಕು. ಇವರ ಮೂವರ ಆಸೆಯೂ ನ್ಯಾಯವೇ. ಹಾಗಾದ್ರೆ ಆಯ್ಕೆ ಹೇಗೆ?

ಎಲ್ಲರೂ ಮೊದಲು ನೋಡೋದು ವಾಟರ್ ಸ್ಲೈಡ್. 2024ರಲ್ಲಿ ಬಂದ ಐಕಾನ್ ಆಫ್ ದಿ ಸೀಸ್‌ನಲ್ಲಿ 20 ಡೆಕ್, 6 ಸ್ಲೈಡ್ ಇವೆ. ಭರ್ತಿಯಾದ್ರೆ 7,600 ಪ್ರಯಾಣಿಕರು ಹಿಡಿಸ್ತಾರೆ. ಕೇಳೋಕೆ ಭರ್ಜರಿ. ಆದ್ರೆ ಸ್ಲೈಡ್ ಖುಷಿ ಎರಡನೇ ದಿನಕ್ಕೆ ಹಳತಾಗುತ್ತೆ. ಹದಿಹರೆಯದವರಿಗೆ ವಾರ ಪೂರ್ತಿ ಬೇಕಾಗೋದು ಓರಗೆಯ ಜೊತೆಗಾರರು. ಅದಕ್ಕೇ ನಾನು ಹೇಳೋದು, ಮೊದಲು ಟೀನ್ ಕ್ಲಬ್‌ನ ವಯಸ್ಸಿನ ಗುಂಪು ನೋಡಿ. ಕಾರ್ನಿವಲ್‌ನಲ್ಲಿ 12ರಿಂದ 14 ಒಂದು ಗುಂಪು, 15ರಿಂದ 17 ಇನ್ನೊಂದು. ನಾರ್ವೀಜಿಯನ್‌ನಲ್ಲಿ 13ರಿಂದ 17 ಒಂದೇ ಗುಂಪು. ಅಂದ್ರೆ ಹನ್ನೆರಡರ ತಂಗಿ ಅಲ್ಲಿ ಚಿಕ್ಕಮಕ್ಕಳ ಜೊತೆ ಕೂರಬೇಕಾಗುತ್ತೆ. ಆಮೇಲೆ ವಾರವಿಡೀ ಅವಳ ಮುಖ ಊದಿಕೊಂಡಿರುತ್ತೆ!

ಇನ್ನು ಎಷ್ಟು ದಿನದ್ದು ಅನ್ನೋ ಪ್ರಶ್ನೆ. ಫ್ಲೋರಿಡಾದಿಂದ ಹೊರಡೋ ಮೂರು-ನಾಲ್ಕು ರಾತ್ರಿಯ ಅಗ್ಗದ ಪ್ರಯಾಣಗಳಿಗೆ ಮಾರ್ಚ್‌ನಲ್ಲಿ ಕಾಲೇಜು ಹುಡುಗರ ದಂಡೇ ಬರುತ್ತೆ. ರಾತ್ರಿ ಗದ್ದಲ ಜಾಸ್ತಿ. ಏಳು ರಾತ್ರಿಯದ್ದರಲ್ಲಿ ಸಂಸಾರಸ್ಥರೇ ಹೆಚ್ಚು, ಮಕ್ಕಳಿಗೆ ಸ್ನೇಹ ಬೆಳೆಯೋಕೂ ಸಮಯ ಸಿಗುತ್ತೆ.

ಈಗ ಯಾರೂ ಮಾತಾಡದ, ಆದ್ರೆ ಎಲ್ಲಕ್ಕಿಂತ ಮುಖ್ಯವಾದ ವಿಷಯ: ಕಾಗದಪತ್ರ. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಅಮೆರಿಕದ ಪ್ರಜೆಗಳು, ಅಪ್ಪ-ಅಮ್ಮ ಭಾರತದ ಪಾಸ್‌ಪೋರ್ಟ್‌ನವರು. ಹೊರಟ ಬಂದರಿಗೇ ವಾಪಸ್ ಬರೋ ಪ್ರಯಾಣಕ್ಕೆ ಪ್ರಜೆಗಳಾದ ಚಿಕ್ಕ ಮಕ್ಕಳಿಗೆ ಜನನ ಪ್ರಮಾಣಪತ್ರವೂ ನಡೆಯುತ್ತೆ. ಅಪ್ಪ-ಅಮ್ಮನಿಗೆ ಹಾಗಲ್ಲ. ಎಚ್-1ಬಿ, ಎಚ್-4ನವರ ಪಾಸ್‌ಪೋರ್ಟ್‌ನಲ್ಲಿರೋ ವೀಸಾ ಮುದ್ರೆಯ ಅವಧಿ ಮುಗಿದಿದ್ರೆ, ಮೆಕ್ಸಿಕೊ-ಕೆನಡಾಗೆ 30 ದಿನದೊಳಗೆ ಹೋಗಿ ಬರೋಕೆ ಒಂದು ರಿಯಾಯಿತಿ ಇದೆ. ಬಹಾಮಾಸ್, ಜಮೈಕಾದಂಥ ದ್ವೀಪಗಳಿಗೆ ಆ ರಿಯಾಯಿತಿ ಅವರಿಗಿಲ್ಲ. ಹಡಗು ಮುಟ್ಟೋ ಪ್ರತಿ ದೇಶದ ವೀಸಾ ನಿಯಮವೂ ಬೇರೆ ಬೇರೆ. ಆದ್ದರಿಂದ ದುಡ್ಡು ಕಟ್ಟೋ ಮೊದಲು ಅಪ್ಪನ ಪಾಸ್‌ಪೋರ್ಟ್ ತೆಗೆದು ಮುದ್ರೆಯ ದಿನಾಂಕ ನೋಡಿ. ಅನುಮಾನ ಇದ್ರೆ ವಲಸೆ ವಕೀಲರನ್ನ ಒಂದು ಮಾತು ಕೇಳಿ. ರಜೆ ಹಾಳಾದ್ರೆ ಇನ್ನೊಂದು ರಜೆ ಬರುತ್ತೆ. ವಾಪಸ್ ಬರೋ ದಾರಿ ಮುಚ್ಚಿದ್ರೆ ಅಪ್ಪನ ಕೆಲಸಕ್ಕೇ ಕುತ್ತು.

ಖರ್ಚಿನ ವಿಚಾರ. ಪರದೆ ಮೇಲೆ ಕಾಣೋ ದರವೇ ಪೂರ್ತಿ ದರ ಅಲ್ಲ. ಟಿಪ್ಸ್ ಅಂತ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್. ನಾಲ್ಕು ಜನ, ಏಳು ದಿನ ಅಂದ್ರೆ 450 ಡಾಲರ್‌ನಿಂದ 560ರವರೆಗೆ ಅದೇ ಆಯ್ತು. ವೈಫೈ ಸಾಮಾನ್ಯವಾಗಿ ಬೇರೆ ಲೆಕ್ಕ. ತಮ್ಮನ ಕೈಲಿರೋ ಹಡಗಿನ ಕಾರ್ಡ್ ಅಪ್ಪನ ಖಾತೆಗೇ ಜೋಡಿಸಿರುತ್ತೆ. ಮೊದಲ ದಿನವೇ ಗೆಸ್ಟ್ ಸರ್ವೀಸ್ ಕೌಂಟರ್‌ಗೆ ಹೋಗಿ ಅದಕ್ಕೊಂದು ಮಿತಿ ಹಾಕಿಸಿ. ಸಸ್ಯಾಹಾರದ ವಿಷಯವನ್ನೂ ಬುಕ್ ಮಾಡುವಾಗಲೇ ಹೇಳಿಡಿ. ದೊಡ್ಡ ಹಡಗುಗಳ ಮುಖ್ಯ ಊಟದ ಹಾಲ್‌ನಲ್ಲಿ ಕೇಳಿದ್ರೆ ಭಾರತೀಯ ಅಡುಗೆ ಮಾಡಿಕೊಡೋದುಂಟು.

ಕೊನೆಗೆ, ಹದಿಹರೆಯದವರ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಈ ಭಾಗವನ್ನ ಅವರಿಗೂ ಕೇಳಿಸಿ. ಮಗನಿಗೆ ಮೊದಲ ಸಲ ಸ್ವಾತಂತ್ರ್ಯ ಕೊಟ್ಟು ನೋಡೋಕೆ ಹಡಗು ಒಳ್ಳೇ ಜಾಗ. ಕಾರು ಹತ್ತಿ ಎಲ್ಲೋ ಹೋಗೋಕಾಗಲ್ಲ. ಅಮೆರಿಕದಿಂದ ಹೊರಡೋ ಹಡಗುಗಳಲ್ಲಿ 21 ತುಂಬದವರಿಗೆ ಸಾಮಾನ್ಯವಾಗಿ ಮದ್ಯ ಕೊಡಲ್ಲ. ಹಾಗಂತ ಕಣ್ಣು ಮುಚ್ಚಿ ಬಿಡಬೇಡಿ. ಬೇರೆಯವರ ಕ್ಯಾಬಿನ್‌ಗೆ ಹೋಗಬಾರದು, ಇಷ್ಟು ಗಂಟೆಗೆ ವಾಪಸ್ ಬರಬೇಕು, ರಾತ್ರಿ ಊಟಕ್ಕೆ ಎಲ್ಲರೂ ಒಂದೇ ಟೇಬಲ್‌ನಲ್ಲಿ ಕೂರಬೇಕು. ಈ ಮೂರು ಕರಾರು ಸಾಕು. ಹಗಲೆಲ್ಲ ಅವನದು, ಊಟದ ಹೊತ್ತು ಮನೆಯವರದು.

ಹದಿನೆಂಟಾದ್ರೆ ಅವನು ಕಾಲೇಜಿಗೆ ಅಂತ ಬೇರೆ ಊರಿಗೆ ಹೊರಡ್ತಾನೆ. ಅಷ್ಟರೊಳಗೆ ಎಲ್ಲರೂ ಒಟ್ಟಿಗೆ ಹೋಗಬಹುದಾದ ಸ್ಪ್ರಿಂಗ್ ಬ್ರೇಕ್ ಎಷ್ಟು ಉಳಿದಿವೆ, ಬೆರಳು ಮಡಚಿ ಎಣಿಸಿ. ಆಮೇಲೆ ಹಡಗು ಹುಡುಕಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.