ಕಣ್ಣಿನ ಅಮೀಬಾ: ಔಷಧಾನ್ವೇಷಣೆಯ ಇತಿಹಾಸ

ದೇವಸಮುದ್ರದಂಥ ಊರುಗಳ ಸುತ್ತಣ ಕಣಗಳಲ್ಲಿ ಶೇಂಗಾ ಹೊಟ್ಟನ್ನು ತೂರುವಾಗ ರೈತನ ಕಣ್ಣಿಗೆ ಸಿಡಿದ ಚೂರಿನಿಂದಾಗಲಿ, ಆ ಗಾಯವನ್ನು ತೊಳೆಯಲೆಂದು ಹೊಂಡದಿಂದ ಮೊಗೆದ ನೀರಿನಿಂದಾಗಲಿ ಕಾರ್ನಿಯಾವನ್ನು ಹೊಗಬಲ್ಲ ಸೂಕ್ಷ್ಮಜೀವಿಯೊಂದುಂಟು. ಅದರ ಹೆಸರು ಅಕಾಂತಮೀಬಾ. ಮಣ್ಣುನೀರುಗಳಲ್ಲಿ ತನ್ನಷ್ಟಕ್ಕೆ ಬಾಳುವ ಇದು ಕಣ್ಣನ್ನೂ ಕೆಡಿಸಬಲ್ಲುದೆಂಬುದು 1974ರಲ್ಲಿ ಇಂಗ್ಲೆಂಡಿನಿಂದ, 1975ರಲ್ಲಿ ಅಮೆರಿಕದಿಂದ ಬಂದ ವರದಿಗಳಿಂದ ಲೋಕಕ್ಕೆ ತಿಳಿಯಿತು. ಅಮೆರಿಕದ ಆ ರೋಗಿ ಟೆಕ್ಸಾಸಿನ ಪಶುಪಾಲಕ ರೈತ. ಆದರೂ ಮುಂದಿನ ದಶಕದಲ್ಲಿ ಇದು ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರ ರೋಗವೆಂದೇ ಪ್ರಸಿದ್ಧವಾಯಿತು. 1990ರಲ್ಲಿ ಸಾವಿತ್ರಿ ಶರ್ಮಾ ಮತ್ತು ಅವರ ಸಹೋದ್ಯೋಗಿಗಳು ಮಧುರೆಯಿಂದ ಲೆನ್ಸನ್ನೇ ಧರಿಸದ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದಾಗ ನಮ್ಮ ನಾಡಿನ ನಿಜಸ್ಥಿತಿ ಬೆಳಕಿಗೆ ಬಂದಿತು. ಆ ವರದಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ಣವಾಗಿ ಸಂದಿಲ್ಲವೆಂದು ನನ್ನ ಭಾವನೆ.

ಇನ್ನು ಚಿಕಿತ್ಸೆಯಲ್ಲಿ ಮೊದಮೊದಲು ಆಂಟಿಬಯೋಟಿಕ್ ಹನಿಗಳು ನಿಷ್ಫಲವಾದುವು. ಸ್ಟಿರಾಯ್ಡ್ ಹನಿಗಳು ಕೆಂಪನ್ನು ಅಡಗಿಸಿ ರೋಗವನ್ನು ಮರೆಮಾಚಿದುವು. ಬದಲಿಸಿ ಹೊಲಿದ ಕಾರ್ನಿಯಾದಲ್ಲಿಯೂ ಹುಣ್ಣು ಮರುಕಳಿಸಿ, ಕೊನೆಗೆ ಕಣ್ಣಿನಲ್ಲಿ ಹೂ ಬಿದ್ದು ದೃಷ್ಟಿ ಹೋಗುತ್ತಿತ್ತು. ಇದಕ್ಕೆ ಕಾರಣ ಆ ಜೀವಿಯ ದ್ವಿರೂಪ. ಬ್ಯಾಕ್ಟೀರಿಯಾ ಹರವಿದ ಅಗಾರ್ ತಟ್ಟೆಯ ಮೇಲೆ ಅದು ಮೇಯುತ್ತ ಸಾಗಿದ ಜಾಡನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಅದೇ ಜೀವಿ ಪ್ರತಿಕೂಲ ಸಮಯದಲ್ಲಿ ಎರಡು ಗೋಡೆಗಳ ಕೋಶವನ್ನು ಕಟ್ಟಿಕೊಂಡು, ವರ್ಷಗಟ್ಟಲೆ ನಿಶ್ಚಲವಾಗಿ ಬದುಕಿರುತ್ತದೆ. ಚಲಿಸುವ ಅಮೀಬಾವನ್ನು ಕೊಲ್ಲುವ ಮದ್ದುಗಳು ಹಲವಿದ್ದರೂ ಕೋಶವನ್ನು ಭೇದಿಸುವ ಮದ್ದು ದುರ್ಲಭವಾಗಿತ್ತು.

1985ರಲ್ಲಿ ಲಂಡನ್ನಿನ ರೈಟ್, ವಾರ್‌ಹರ್ಸ್ಟ್, ಜೋನ್ಸ್ ಎಂಬವರು ಔಷಧದಿಂದಲೇ ರೋಗ ಗುಣವಾದ ಮೊದಲ ಪ್ರಸಂಗವನ್ನು ವರದಿ ಮಾಡಿದರು. ಅವರು ಬಳಸಿದ ಪ್ರೊಪಾಮಿಡಿನ್, ಆ ದೇಶದ ಅಂಗಡಿಗಳಲ್ಲಿ ಸಾಮಾನ್ಯ ಕಣ್ಣುಬೇನೆಗೆ ಮಾರುತ್ತಿದ್ದ ಹನಿಮದ್ದು. 1992ರಲ್ಲಿ ಲಾರ್ಕಿನ್, ಕಿಲ್ವಿಂಗ್ಟನ್, ಡಾರ್ಟ್ ಎಂಬವರು ಈಜುಕೊಳದ ನೀರನ್ನು ಶುದ್ಧಿಗೊಳಿಸುವ ಪಿ.ಎಚ್.ಎಂ.ಬಿ. ಎಂಬ ರಸಾಯನವನ್ನು ಶೇಕಡಾ 0.02ರ ಪ್ರಮಾಣಕ್ಕೆ ತೆಳುಗೊಳಿಸಿ ಕಣ್ಣಿಗೆ ಹಾಕಿದರು. ಅದು ಕೋಶದೊಳಗಣ ಜೀವವನ್ನೂ ನಾಶಮಾಡಿತು. ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕವೂ ಬಳಿಕ ಇದರ ಜತೆಗೂಡಿತು. ಹೀಗೆ ಅನ್ಯಕಾರ್ಯಕ್ಕೆಂದು ಹುಟ್ಟಿದ ದ್ರವ್ಯಗಳಿಂದಲೇ ಅನೇಕ ಕಣ್ಣುಗಳು ಉಳಿದುವು.

ಅದೇ ಡಾರ್ಟ್ ಅವರ ನೇತೃತ್ವದಲ್ಲಿ, ಶೇಕಡಾ 0.08ರ ಪಿ.ಎಚ್.ಎಂ.ಬಿ. ಒಂದನ್ನೇ ಪರೀಕ್ಷಿಸಿ ನೋಡಿದಾಗ ಅದು ಶೇಕಡಾ 0.02ರ ಪಿ.ಎಚ್.ಎಂ.ಬಿ. ಮತ್ತು ಪ್ರೊಪಾಮಿಡಿನ್ ಕೂಡಿದ ಹಳೆಯ ಜೋಡಿಮದ್ದಿಗೆ ಸಮನಾಗಿ ಫಲಕೊಟ್ಟಿತು. 2024ರಲ್ಲಿ ಯುರೋಪು ಅದಕ್ಕೆ ಅನುಮತಿಯನ್ನಿತ್ತಿತು. ಮೊದಲ ದಿನಗಳಲ್ಲಿ ಗಂಟೆಗೊಮ್ಮೆ, ಆಮೇಲೆ ತಿಂಗಳುಗಟ್ಟಲೆ ಹನಿಯನ್ನು ಹಾಕಬೇಕಾಗುತ್ತದೆ. ಅಮೀಬಾ ಕಾರ್ನಿಯಾದ ಆಳಕ್ಕೆ ಇಳಿಯುವ ಮುನ್ನವೇ ಹುಣ್ಣಿನಂಚನ್ನು ಕೆರೆದು ಪರೀಕ್ಷಿಸಿದವರಲ್ಲಿ ಈ ಅವಧಿ ಕಿರಿದಾಗುತ್ತದೆ.